ಕಣದಿಂದ ಪೇಟೆಗೆ: ರೈಲೋ, ಲಾರಿಯೋ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಭತ್ತ, ರಾಗಿ, ಮುಸುಕಿನ ಜೋಳಗಳು ದೂರದ ಪೇಟೆಗೆ ಹೋಗುವಾಗ ಲಾರಿಯನ್ನು ಬಿಟ್ಟು ರೈಲನ್ನು ಆಶ್ರಯಿಸತಕ್ಕದ್ದೆ ಎಂಬುದು ಇಲ್ಲಿಯ ಪ್ರಶ್ನೆ.

ಪರ

ಹೊಳೆನರಸೀಪುರಕ್ಕೂ ಹಾಸನಕ್ಕೂ ಮೈಸೂರು–ಅರಸೀಕೆರೆ ಮಾರ್ಗವು ಹಿಂದಿನ ಸಂಸ್ಥಾನದ ಕಾಲದಲ್ಲಿಯೇ ಬಂದಿತು. ಚನ್ನರಾಯಪಟ್ಟಣದ ಮೇಲೆ ಹಾದುಹೋಗುವ ಹಾಸನ–ಬೆಂಗಳೂರು ಮಾರ್ಗವು 2017ರಲ್ಲಿ ಪೂರ್ಣವಾಯಿತು. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಅತ್ಯಲ್ಪವಾದುದರಿಂದ, ಸಮಾನ ಭಾರವನ್ನು ಸಮಾನ ದೂರ ಒಯ್ಯಲು ರೈಲಿಗೆ ಲಾರಿಗಿಂತ ಬಹು ಕಡಿಮೆ ಇಂಧನ ಸಾಕು. ಮೇಲಾಗಿ ರಾಗಿಯು ತರಕಾರಿಯಂತೆ ಎರಡು ದಿನಗಳಲ್ಲಿ ಕೆಡುವ ಪದಾರ್ಥವಲ್ಲ. ನಮ್ಮ ಹಿರಿಯರು ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ವರ್ಷಗಟ್ಟಲೆ ಕಾಪಾಡಿದ ಧಾನ್ಯವದು. ರೈಲಿನ ಮಂದಗತಿಯಿಂದ ಅದಕ್ಕೆ ಹಾನಿಯಿಲ್ಲ. ಇನ್ನೊಂದು ವಾದವನ್ನು ನಾನು ಹೆಚ್ಚು ಗೌರವದಿಂದ ಕಾಣುತ್ತೇನೆ: ಕಣದ ಬಳಿಗೆ ಲಾರಿ ತರುವವನೇ ಕೊಳ್ಳುವವನೂ ಆದಲ್ಲಿ, ಸ್ವಂತ ವಾಹನವಿಲ್ಲದ ಬೇಸಾಯಗಾರನಿಗೆ ಅವನು ಹೇಳಿದ ಬೆಲೆಯೇ ಬೆಲೆಯಾಗಿಬಿಡುತ್ತದೆ. ಗೊತ್ತಾದ ದರಕ್ಕೆ ಹೊರುವ ರೈಲು ಆ ಹಂಗನ್ನು ತಪ್ಪಿಸೀತು.

ವಿರೋಧ

ಆದರೆ ರೈಲು ಕಣಕ್ಕೆ ಬಾರದು. ಅರಕಲಗೂಡಿಗಂತೂ ರೈಲುಮಾರ್ಗವೇ ಇಲ್ಲ. ಅಲ್ಲಿಯ ಭತ್ತವು ಟ್ರಾಕ್ಟರಿಗೆ ಏರಿ, ನಿಲ್ದಾಣದಲ್ಲಿ ಇಳಿದು, ವ್ಯಾಗನ್ನಿಗೆ ಏರಿ, ಊರು ಮುಟ್ಟಿದ ಮೇಲೆ ಮತ್ತೆ ಇಳಿದು ಲಾರಿಯನ್ನೇ ಸೇರಬೇಕು. ಪ್ರತಿಸಲವೂ ಹಮಾಲಿ ತೆರಬೇಕು; ಪ್ರತಿಸಲವೂ ಕೊಕ್ಕೆ ಚುಚ್ಚಿದ ಗೋಣಿಚೀಲದಿಂದ ಕಾಳು ಸೋರುತ್ತದೆ. ಹಾಸನದಿಂದ ಬೆಂಗಳೂರಿಗೆ 200 ಕಿಲೋಮೀಟರೂ ಇಲ್ಲ. ಇಷ್ಟು ಸಮೀಪದ ಪಯಣದಲ್ಲಿ ಕಂಬಿಯ ಮೇಲೆ ಉಳಿದುದನ್ನು ಏರಿಸಿ ಇಳಿಸುವ ಖರ್ಚೇ ನುಂಗುವುದು.

ಇದಕ್ಕಿಂತಲೂ ದೊಡ್ಡ ತೊಡಕು ಮತ್ತೊಂದುಂಟು. ಧಾನ್ಯದ ಒಂದು ಪೂರ್ಣ ಗೂಡ್ಸ್ ರೈಲು ಸುಮಾರು 2,500 ಟನ್ನು ಹೊರುವುದು. ಎಂದರೆ 50 ಕಿಲೋ ತೂಕದ 50,000 ಚೀಲ. ಇಪ್ಪತ್ತು ಚೀಲ ರಾಗಿ ಬೆಳೆದ ಎರಡೆಕರೆಯವನು ಉಳಿದ ಚೀಲಗಳು ಕೂಡುವವರೆಗೆ ಏನು ಮಾಡಬೇಕು? ರಾಗಿ ಕಾಯಬಲ್ಲದೆಂಬುದು ನಿಜ. ಒಕ್ಕಣೆ ಮುಗಿದು ಸಂಕ್ರಾಂತಿ ಬರುವ ಹೊತ್ತಿಗೆ ಗೊಬ್ಬರದ ಅಂಗಡಿಯ ಬಾಕಿ ತೀರಿಸಬೇಕಾದವನು ಕಾಯಲಾರನು. ಅಷ್ಟು ಚೀಲಗಳನ್ನು ಕೂಡಹಾಕಬಲ್ಲವನು ದೊಡ್ಡ ವರ್ತಕನೇ ಹೊರತು ಸಣ್ಣ ಹಿಡುವಳಿದಾರನಲ್ಲವಾದ್ದರಿಂದ, ಪರಪಕ್ಷದವರು ಹೇಳಿದ ಆ ಹಂಗು ರೈಲಿನಿಂದ ತಪ್ಪದೆ ಬೇರೊಬ್ಬನ ಕೈಗೆ ಹೋಗುವುದಷ್ಟೆ.

ಆದಕಾರಣ ನನ್ನ ಮನಸ್ಸು ಈ ಪಕ್ಷಕ್ಕೇ ಒಲಿಯುತ್ತದೆ. ಹೋಬಳಿಗೊಂದು ಉಗ್ರಾಣವಿದ್ದು, ಅಲ್ಲಿ ಇಟ್ಟ ಚೀಲಗಳ ರಸೀತಿಯ ಮೇಲೆ ಸಾಲ ದೊರೆತು, ಹತ್ತು ಮನೆಯವರು ಕೂಡಿ ಒಂದು ಲಾರಿಯನ್ನು ಬಾಡಿಗೆಗೆ ಗೊತ್ತುಮಾಡಿಕೊಂಡರೆ, ಬೇಸಾಯಗಾರನು ಕಣದಲ್ಲಿ ಹೇಳಿದ ಬೆಲೆಗೆ ಒಲ್ಲೆನೆನ್ನಬಲ್ಲನು.