ಖಾಲಿ ಹೊಟ್ಟೆಯ ಮೊದಲ ಪಾಠ

2006ರಲ್ಲಿ ಸಾಚಾರ್ ಸಮಿತಿಯ ವರದಿ ಹೊರಬಂದಂದಿನಿಂದ ಮುಸ್ಲಿಮ್ ಸಮುದಾಯದ ಶೈಕ್ಷಣಿಕ ಹಿನ್ನಡೆಯ ಕುರಿತು ನಡೆದ ಚರ್ಚೆಗಳಿಗೆ ಲೆಕ್ಕವಿಲ್ಲ. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕನೇ ಒಂದು ಭಾಗ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ಅರ್ಧದಲ್ಲಿ ಬಿಟ್ಟಿದ್ದಾರೆ ಎಂದು ಆ ವರದಿ ಹೇಳಿತ್ತು. ವಿದ್ಯಾರ್ಥಿವೇತನ, ಮೀಸಲಾತಿ, ವಸತಿ ಶಾಲೆಗಳಿಗಾಗಿ ನಾವು ಸರಕಾರದ ಮುಂದೆ ಬೇಡಿಕೆ ಇಟ್ಟೆವು, ಇಡಲೇಬೇಕಿತ್ತು. ಆದರೆ ಶಾಲೆಗೆ ಹೋಗುತ್ತಿರುವ ಮಗು ಅಲ್ಲಿ ಯಾವ ಸ್ಥಿತಿಯಲ್ಲಿ ಕುಳಿತಿರುತ್ತದೆ ಎಂದು ವಿಚಾರಿಸಿದವರು ವಿರಳ.

ನಮ್ಮ ಕರಾವಳಿ ಪಟ್ಟಣಗಳ ಅನೇಕ ಮನೆಗಳ ದಿನಚರಿಯನ್ನು ಗಮನಿಸಿ. ಮುಂಜಾನೆ ಆರೂವರೆಗೆ ಮದ್ರಸ. ಹೊರಡುವಾಗ ಒಂದು ಲೋಟ ಚಹಾ, ಎರಡು ಬಿಸ್ಕತ್ತು. ಮದ್ರಸ ಬಿಡುವಷ್ಟರಲ್ಲಿ ಶಾಲಾ ವಾಹನ ಬಂದು ನಿಂತಿರುತ್ತದೆ. ಚೀಲ ಬದಲಿಸುವ ಗಡಿಬಿಡಿಯಲ್ಲಿ ತಿಂಡಿ ತಟ್ಟೆಯಲ್ಲೇ ಉಳಿಯುತ್ತದೆ. ಹಿಂದಿನ ರಾತ್ರಿ ಒಂಬತ್ತಕ್ಕೆ ಉಂಡ ಮಗು ಮತ್ತೆ ಹೊಟ್ಟೆ ತುಂಬ ಉಣ್ಣುವುದು ಮಧ್ಯಾಹ್ನ ಒಂದಕ್ಕೆ. ಹದಿನಾರು ತಾಸುಗಳ ಅಂತರ! ಈ ನಡುವೆ ಗಣಿತದ ಪಾಠ ತಲೆಗೆ ಹತ್ತಲಿಲ್ಲವೆಂದು ಟ್ಯೂಷನ್‌ಗೆ ಹಣ ಸುರಿಯುತ್ತೇವೆ.

ಇನ್ನು ಆ ಚಹಾ. ಆಹಾರದ ಜೊತೆಗೆ ಕುಡಿದ ಚಹಾ ಅದರಲ್ಲಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 65ರಷ್ಟು ಮಕ್ಕಳಿಗೆ ರಕ್ತಹೀನತೆಯಿದೆ. ದೇಶದಲ್ಲಿ 15ರಿಂದ 19ರ ಹರೆಯದ ಹೆಣ್ಣುಮಕ್ಕಳಲ್ಲಿ ಇದು ಶೇ. 59. ರಕ್ತಹೀನ ಮಗು ಬೇಗ ದಣಿಯುತ್ತದೆ, ಅದರ ಗಮನ ನಿಲ್ಲುವುದಿಲ್ಲ. ಶಿಕ್ಷಕರು ಅದನ್ನು ಸೋಮಾರಿ ಎನ್ನುತ್ತಾರೆ, ಮನೆಯವರು ಹೌದೆನ್ನುತ್ತಾರೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆಗಳನ್ನು ವದಂತಿಗೆ ಹೆದರಿ ನಿರಾಕರಿಸುವ ಹೆತ್ತವರೂ ನಮ್ಮಲ್ಲಿದ್ದಾರೆ. 2017ರ ದಡಾರ-ರುಬೆಲ್ಲಾ ಲಸಿಕೆ ಅಭಿಯಾನದ ವೇಳೆ ವಾಟ್ಸ್‌ಆ್ಯಪ್ ಸಂದೇಶಗಳು ಮಾಡಿದ ಹಾನಿಯನ್ನು ಮರೆಯುವಂತಿಲ್ಲ.

ನಿದ್ದೆಯ ಲೆಕ್ಕ ಇನ್ನೂ ಸರಳ. 6ರಿಂದ 12ರ ವಯಸ್ಸಿನವರಿಗೆ ಕನಿಷ್ಠ ಒಂಬತ್ತು ತಾಸು ನಿದ್ದೆ ಬೇಕು. ಐದೂವರೆಗೆ ಏಳುವ ಮಗು ಎಂಟೂವರೆಗೆ ಮಲಗಿರಬೇಕು. ಎಷ್ಟು ಮನೆಗಳಲ್ಲಿ ಆ ಹೊತ್ತಿಗೆ ದೀಪ ಆರುತ್ತದೆ? ಮೊಬೈಲನ್ನು ದೂರುತ್ತೇವೆ, ಆದರೆ ಮಧ್ಯರಾತ್ರಿಯವರೆಗೆ ನಡೆಯುವ ಮದುವೆ ಔತಣಗಳಿಗೆ ಮಕ್ಕಳನ್ನು ಒಯ್ಯುವವರು ನಾವೇ. ಹಗಲಿನಲ್ಲಿ ಕಲಿತದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ ಎಂಬುದು ವೈದ್ಯರಿಗಷ್ಟೇ ತಿಳಿದಿರಬೇಕಾದ ಸಂಗತಿಯಲ್ಲ.

ಸರಕಾರಕ್ಕೂ ಇಲ್ಲಿ ಹೊಣೆಯಿದೆ. ಬಿಸಿಯೂಟ 2002ರಲ್ಲಿ, ಹಾಲು 2013ರಲ್ಲಿ ನಮ್ಮ ಶಾಲೆಗಳಿಗೆ ಬಂದವು. ತಮಿಳುನಾಡು 2022ರಲ್ಲಿ ಬೆಳಗಿನ ಉಪಾಹಾರವನ್ನೂ ಆರಂಭಿಸಿತು. ಇಲ್ಲಿಯೂ ಅದಕ್ಕೆ ಒತ್ತಾಯಿಸುವುದು ನ್ಯಾಯ. ಆದರೆ ಸಾಲ ಮಾಡಿಯಾದರೂ ಖಾಸಗಿ ಆಂಗ್ಲ ಮಾಧ್ಯಮ ಶಾಲೆಗೆ ಮಕ್ಕಳನ್ನು ಸೇರಿಸಿದವರಿಗೆ ಇವುಗಳಲ್ಲಿ ಯಾವುದೂ ದಕ್ಕುವುದಿಲ್ಲ. ಅಲ್ಲಿ ಮನೆಯೇ ಎಚ್ಚರಗೊಳ್ಳಬೇಕು. ಇದು ಮದ್ರಸದ ವಿರುದ್ಧದ ಮಾತಲ್ಲ. ಮದ್ರಸ ಬಿಡುವ ಸಮಯವನ್ನು ಅರ್ಧ ತಾಸು ಮುಂಚಿತಗೊಳಿಸುವುದು, ಇಲ್ಲವೇ ಅಲ್ಲಿಯೇ ಒಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣಿನ ವ್ಯವಸ್ಥೆ ಮಾಡುವುದು ಮಸೀದಿ ಆಡಳಿತ ಸಮಿತಿಗೆ ಕಷ್ಟದ ಕೆಲಸವೇನಲ್ಲ. ಕಟ್ಟಡ ನವೀಕರಣಕ್ಕೆ ಲಕ್ಷಗಟ್ಟಲೆ ಸಂಗ್ರಹಿಸುವ ಜಮಾಅತ್‌ಗಳು ಮುಂದಿನ ಸಭೆಯಲ್ಲಿ ಈ ವಿಷಯವನ್ನೂ ಚರ್ಚೆಗೆ ಎತ್ತಿಕೊಳ್ಳಲಿ.