ನಿಮ್ಮ ಪಾಸ್‌ಪೋರ್ಟ್ ಯಾರ ಬ್ಯಾಗಿನಲ್ಲಿದೆ?

ಗಂಡ-ಹೆಂಡತಿ ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ವಿದೇಶ ಸುತ್ತುವುದರಲ್ಲಿ ಒಂದು ಮಜಾ ಇದೆ. ಪ್ಯಾಕೇಜ್ ಟೂರಿನ ಗಡಿಬಿಡಿ ಇಲ್ಲ, ಖರ್ಚೂ ಕಮ್ಮಿ. ಆದರೆ ಪಾಸ್‌ಪೋರ್ಟ್, ದುಡ್ಡಿನ ವಿಷಯ ಬಂದರೆ ‘ಅದೆಲ್ಲಾ ಅವರೇ ನೋಡ್ಕೋತಾರೆ’ ಅನ್ನುವವರೇ ನಮ್ಮಲ್ಲಿ ಜಾಸ್ತಿ.

ರೋಮ್‌ನ ಟರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರ್ ಬಸ್ ಜೇಬುಗಳ್ಳರಿಗೆ ಕುಖ್ಯಾತ. ಆ ನೂಕುನುಗ್ಗಲಿನಲ್ಲಿ ಯಜಮಾನರ ಚೀಲ ಹೋಯಿತೆಂದರೆ ಇಬ್ಬರದ್ದೂ ಒಟ್ಟಿಗೇ ಮಾಯ! ಇಲ್ಲವೇ ಅವರು ಬಸ್ ಹತ್ತಿ, ನೀವು ಕೆಳಗೇ ಉಳಿದಿರಿ ಅನ್ನಿ. ಕೈಯಲ್ಲಿ ಬಿಡಿಗಾಸಿಲ್ಲ, ಹೋಟೆಲ್ ಹೆಸರೂ ಗೊತ್ತಿಲ್ಲ. ಆಗೇನು ಮಾಡ್ತೀರಿ?

ಆದ್ದರಿಂದ ನಿಮ್ಮ ಪಾಸ್‌ಪೋರ್ಟ್, ಒಂದು ಕಾರ್ಡು, ಸ್ವಲ್ಪ ಯೂರೋ ನಿಮ್ಮ ಬಳಿಯೇ ಇರಲಿ. ಅವುಗಳ ಜೆರಾಕ್ಸ್ ಬೇರೆ ಚೀಲದಲ್ಲಿಡಿ. ಹೋಟೆಲ್ ವಿಳಾಸ ಚೀಟಿಯಲ್ಲಿ ಬರೆದುಕೊಳ್ಳಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತೀಯ ರಾಯಭಾರ ಕಚೇರಿ. ಅಲ್ಲಿ ಕೊಡುವ ತುರ್ತು ಪ್ರಮಾಣಪತ್ರದಿಂದ ಭಾರತಕ್ಕೆ ಮರಳಬಹುದಷ್ಟೇ, ಪ್ರವಾಸ ಮುಂದುವರಿಸಲಾಗದು. ಯುರೋಪ್ ಒಕ್ಕೂಟದ ಎಲ್ಲ ದೇಶಗಳಲ್ಲೂ ತುರ್ತು ಕರೆಗೆ 112.

ಇದು ಗಂಡನ ಮೇಲಿನ ಅಪನಂಬಿಕೆ ಖಂಡಿತಾ ಅಲ್ಲ. ಪರದೇಶದಲ್ಲಿ ಅವರು ಕಂಗಾಲಾದಾಗ ಧೈರ್ಯವಾಗಿ ನಿಲ್ಲಲು ನಿಮ್ಮ ಕೈಯಲ್ಲೂ ಏನಾದರೂ ಇರಬೇಕಲ್ವಾ?