ಸೈಲೆನ್ಸರ್ ಮಾರಾಟ: ತಡೆ ಅಂಗಡಿಯಲ್ಲೇ ಇರಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಬಿಡಿಭಾಗ ವ್ಯಾಪಾರಿಗಳಿಗೆ ಬೈಕಿನ ಸೈಲೆನ್ಸರ್ ಹೊಸ ಸರಕೇನಲ್ಲ. ಕಡಲಿನ ಉಪ್ಪುಗಾಳಿಗೂ ದೀರ್ಘ ಮಳೆಗಾಲಕ್ಕೂ ಕೊಳವೆ ಬೇಗನೆ ತುಕ್ಕು ಹಿಡಿಯುವುದರಿಂದ ಅದನ್ನು ಬದಲಿಸುವುದು ಅನಿವಾರ್ಯವೂ ಹೌದು. ಆದರೆ ಮೂಲ ಮಾದರಿಯ ಕೊಳವೆಯನ್ನೂ ಅಬ್ಬರದ ಸದ್ದಿಗೆಂದೇ ಮಾಡಿದ ಕೊಳವೆಯನ್ನೂ ಒಂದೇ ಸರಕೆಂದು ಎಣಿಸಲಾಗದು.

ಜೋಡಣೆಗೆ ಗ್ಯಾರೇಜಿನ ಅಗತ್ಯವಿಲ್ಲ. ಎಂಜಿನ್ ಬಳಿಯ ನಟ್ಟುಗಳನ್ನೂ ಹಿಂಬದಿಯ ಬೋಲ್ಟನ್ನೂ ಕಳಚಿದರೆ ಮನೆಯಂಗಳದಲ್ಲೇ ಕೆಲಸ ಮುಗಿಯುತ್ತದೆ. 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್-6 ಬೈಕುಗಳಲ್ಲಿ ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸಾಮಾನ್ಯವಾಗಿ ಈ ಕೊಳವೆಯೊಳಗೇ ಇರುತ್ತದೆ. ಹಳೆಯ ಕೊಳವೆಯೊಂದಿಗೆ ಅದೂ ಮೂಲೆ ಸೇರುವುದು ಎಷ್ಟೋ ಸವಾರರಿಗೆ ತಿಳಿದಿರುವುದಿಲ್ಲ. ತಿಳಿದವರು ಈ ಸರಕನ್ನು ಕಾಣುವ ಕೊನೆಯ ಸ್ಥಳ ಅಂಗಡಿಯೇ.

ಮೋಟಾರು ವಾಹನ ಕಾಯಿದೆಯ 190(2)ನೇ ಕಲಮಿನಂತೆ ಶಬ್ದ ಹಾಗೂ ವಾಯುಮಾಲಿನ್ಯದ ಮಿತಿ ಮೀರಿ ಓಡಿಸಿದವರಿಗೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಉಂಟು. ರಾಜ್ಯದ ಹಲವೆಡೆ ಪೊಲೀಸರು ಇಂಥ ಸೈಲೆನ್ಸರುಗಳನ್ನು ರೋಡ್ ರೋಲರಿನಡಿ ಹಾಕಿದ್ದಾರೆ. ದಂಡ ತೆತ್ತ ಗಿರಾಕಿ ಮೊದಲು ಬೈಯುವುದು ಮಾರಿದವರನ್ನು. "ಹುಡುಗರು ಕೇಳುತ್ತಾರೆ, ಕೊಡುತ್ತೇವೆ" ಎಂಬುದು ವ್ಯಾಪಾರವಲ್ಲ, ನುಣುಚಿಕೊಳ್ಳುವಿಕೆ.

ಬಿಲ್ಲಿಲ್ಲದೆ ಬಂದ ಸರಕಾದರಂತೂ ಹೂಡುವಳಿ ತೆರಿಗೆಯ ಜಮೆ ದಕ್ಕದು, ದಾಸ್ತಾನಿನ ಲೆಕ್ಕವೂ ತಾಳೆಯಾಗದು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವಾಗ ಬಿಲ್ಲು ತಪ್ಪಿಸಲು ನೆಪವೂ ಉಳಿದಿಲ್ಲ. ಮೂರೂ ತಾಲೂಕುಗಳ ವ್ಯಾಪಾರಿಗಳು ಕೂಡಿ ಕುಳಿತು, ತಯಾರಕರ ಬಿಡಿಭಾಗ ಸಂಖ್ಯೆಯಿಲ್ಲದ ಸೈಲೆನ್ಸರ್ ತರಿಸುವುದಿಲ್ಲವೆಂದೂ ಪ್ರತಿ ಬಿಲ್ಲಿನಲ್ಲಿ ಬೈಕಿನ ಮಾದರಿ ನಮೂದಿಸುವುದಾಗಿಯೂ ನಿರ್ಧರಿಸಬೇಕು. ಮುಂದಿನ ಖರೀದಿ ಆದೇಶಕ್ಕೆ ಮುನ್ನವೇ ಇದು ಆಗತಕ್ಕದ್ದು.